ಶಿವದಾರದ ಗಂಟು

ಬೆಲ್‌ರೋಸ್‌ನ ಹಿಲ್‌ಸೈಡ್ ಅವೆನ್ಯೂದಲ್ಲಿ, ಕಿರಾಣಿ ಅಂಗಡಿಗೂ ಮಿಠಾಯಿ ಅಂಗಡಿಗೂ ನಡುವೆ, ಬಟ್ಟೆ ಸರಿಮಾಡಿ ಹೊಲಿದುಕೊಡುವ ಒಂದು ಸಣ್ಣ ಅಂಗಡಿಯಿತ್ತು. ವೀರಬಸಮ್ಮನವರು ಅಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದರು. ಪ್ಯಾಂಟಿನ ಅಂಚನ್ನು ಮಗುಚಿ ನೋಡಿದರೆ ಸಾಕು, ಮೊದಲು ಹೊಲಿದವರು ಎಡಗೈಯವರೋ ಬಲಗೈಯವರೋ, ನಿಧಾನವಾಗಿ ಹೊಲಿದರೋ ಊಟಕ್ಕೆ ಏಳುವ ಅವಸರದಲ್ಲಿ ಹೊಲಿದರೋ ಹೇಳಿಬಿಡುತ್ತಿದ್ದರು. ಗಿರಾಕಿಗಳು ಬೆರಗಾಗುತ್ತಿದ್ದರು. ವೀರಬಸಮ್ಮನವರಿಗೆ ಅದರಲ್ಲಿ ಬೆರಗೇನೂ ಕಾಣುತ್ತಿರಲಿಲ್ಲ. ಬಾಯಿ ಹೇಳದ್ದನ್ನು ದಾರ ಹೇಳುತ್ತದೆ ಎಂಬುದು ಅವರ ಅನುಭವ.

ಮೇ ತಿಂಗಳ ಕೊನೆಯ ಒಂದು ಶುಕ್ರವಾರ ಬೆಳಿಗ್ಗೆ ಗಂಡನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಾಗ ಅವರ ಕೈ ಗಂಡನ ಕತ್ತಿನ ಹಿಂಭಾಗದಲ್ಲಿ ನಿಂತುಬಿಟ್ಟಿತು.

ಗಂಡ ತಿಪ್ಪಣ್ಣನವರಿಗೆ ಎಪ್ಪತ್ತನಾಲ್ಕು ವರ್ಷ. ನಗರದ ನೀರು ಸರಬರಾಜು ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಹುಟ್ಟಿದಾಗ ಗುರುಗಳು ಕಟ್ಟಿದ ಇಷ್ಟಲಿಂಗ. ಕರಡಿಗೆಯನ್ನು ಹೊತ್ತ ಬಿಳಿಯ ಶಿವದಾರವನ್ನು ಪ್ರತಿ ಶ್ರಾವಣದಲ್ಲಿ ವೀರಬಸಮ್ಮನವರೇ ಹೊಸೆಯುತ್ತಿದ್ದರು, ಗಂಟನ್ನೂ ಅವರೇ ಹಾಕುತ್ತಿದ್ದರು. ಮೂರು ಸುತ್ತು, ಆಮೇಲೆ ತುದಿಯನ್ನು ಒಳಕ್ಕೆ ತಳ್ಳಿ ಮುಚ್ಚುವ ಗಂಟು. ಅವರ ಅಜ್ಜಿ ಕಲಿಸಿದ್ದು. ದಾರ ತಲೆಯ ಮೇಲಿಂದ ಹಾಯದಷ್ಟು ಗಿಡ್ಡ. ದಿನದ ಪೂಜೆಗೆ ಕರಡಿಗೆಯ ಮುಚ್ಚಳ ತೆಗೆದು ಲಿಂಗವನ್ನು ಅಂಗೈಗೆ ತಂದುಕೊಂಡರೆ ಆಯಿತು, ದಾರ ಬಿಚ್ಚುವ ಪ್ರಸಂಗವೇ ಬರುವುದಿಲ್ಲ. ಒಂದು ಶ್ರಾವಣದಲ್ಲಿ ಹಾಕಿದ ಗಂಟು ಮುಂದಿನ ಶ್ರಾವಣದವರೆಗೆ ಹಾಗೇ ಇರಬೇಕು.

ಈ ಗಂಟು ಅವರದಾಗಿರಲಿಲ್ಲ. ಚಪ್ಪಟೆಯಾಗಿ, ಎರಡೂ ತುದಿ ಸಮನಾಗಿ ಹೊರಕ್ಕೆ ಚಾಚಿಕೊಂಡಿತ್ತು. ಬಿಗಿಯಾಗಿ, ಅಚ್ಚುಕಟ್ಟಾಗಿತ್ತು. ಹಾಕಿದವರಿಗೆ ಗಂಟು ಹಾಕುವ ರೂಢಿಯಿತ್ತು.

"ಯಾಕ, ಕೈ ನಿಂತತಲ್ಲ?" ಎಂದರು ತಿಪ್ಪಣ್ಣನವರು.

"ಎಣ್ಣಿ ಆರೇದ. ತಡೀರಿ, ಬೆಚ್ಚಗ ಮಾಡಕೊಂಡ ಬರತೇನಿ," ಎಂದು ವೀರಬಸಮ್ಮನವರು ಅಡುಗೆಮನೆಗೆ ಹೋದರು. ಎಣ್ಣೆಯ ಬಟ್ಟಲನ್ನು ಒಲೆಯ ಮೇಲಿಟ್ಟರು. ಕೇಳಲಿಲ್ಲ. ಕೇಳಿದರೆ ಒಂದು ಉತ್ತರ ಬರುತ್ತದೆ, ಆ ಉತ್ತರ ಸುಳ್ಳಾದರೆ ಅದನ್ನು ಹೊತ್ತುಕೊಂಡು ಬಾಳಬೇಕಾಗುತ್ತದೆ ಎಂದು ಅವರಿಗೆ ಅನಿಸಿತು.

ಸಂಶಯ ಅಂದು ಹುಟ್ಟಿದ್ದಲ್ಲ. ಅಂದು ಅದಕ್ಕೊಂದು ಗುರುತು ಸಿಕ್ಕಿತು, ಅಷ್ಟೆ.

ಮಾರ್ಚಿನಿಂದ ತಿಪ್ಪಣ್ಣನವರು ಬದಲಾಗಿದ್ದರು. ಐವತ್ತೊಂದು ವರ್ಷ ಗಂಡಹೆಂಡಿರು ಬೆಳಗಿನ ಆರೂವರೆಗೆ ಅಕ್ಕಪಕ್ಕ ಎರಡು ಮಣೆ ಹಾಕಿ ಪೂಜೆಗೆ ಕುಳಿತವರು. ಮಗಳು ನಂದಾ ಹುಟ್ಟಿದ ವಾರವೊಂದನ್ನು ಬಿಟ್ಟರೆ, ಹಿಮ ಬಿದ್ದು ಕರೆಂಟು ಹೋದ ದಿನವೂ ಅದು ತಪ್ಪಿರಲಿಲ್ಲ. ಈಗ ತಿಪ್ಪಣ್ಣನವರು ಐದಕ್ಕೇ ಎದ್ದು, ಕೋಣೆಯ ಬಾಗಿಲು ಹಾಕಿಕೊಂಡು, ಹೆಂಡತಿ ಏಳುವಷ್ಟರಲ್ಲಿ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಪತ್ರಿಕೆ ಹಿಡಿದು ಕುಳಿತಿರುತ್ತಿದ್ದರು. ಕೇಳಿದರೆ, "ನಿದ್ದಿ ಬರೂದಿಲ್ಲ. ನಿನ್ನ ಯಾಕ ಎಬ್ಬಸಬೇಕು," ಎನ್ನುವರು. ಜೊತೆಗೆ, ಗುರುವಾರ ಬಂತೆಂದರೆ ಒಂಬತ್ತು ಗಂಟೆಗೆ ಎದುರು ಮನೆಯ ಕೃಪಾಕರರ ಕಾರು ಬಾಗಿಲಿಗೆ ಬರುತ್ತಿತ್ತು. ಅದರಲ್ಲಿ ಕೃಪಾಕರರೂ ಅವರ ಹೆಂಡತಿ ಸುಗುಣಾಳೂ ಕುಳಿತಿರುತ್ತಿದ್ದರು. ತಿಪ್ಪಣ್ಣನವರು ಹಿಂದಿನ ಸೀಟಿಗೆ ಏರಿ ಹೋದರೆ ಮಧ್ಯಾಹ್ನಕ್ಕೆ ಬರುವರು.

"ಎಲ್ಲಿಗಿ ಹೋಗಿದ್ರಿ?"

"ಹಿಂಗ, ಪಾರ್ಕಿನ್ಯಾಗ ಅಡ್ಡಾಡಲಿಕ್ಕೆ."

"ಮೂರು ತಾಸು ಅಡ್ಡಾಡಿದ್ರ ಆ ಜೆರಿಕೋ ಊರನ್ನ ಮುಟ್ಟಿರಬೇಕಲ್ಲ."

ತಿಪ್ಪಣ್ಣನವರು ನಗುವರು. ಅವರು ನಗುವ ರೀತಿ ವೀರಬಸಮ್ಮನವರಿಗೆ ಸೇರುತ್ತಿರಲಿಲ್ಲ.

ಕೃಪಾಕರ, ಸುಗುಣಾ ಇಬ್ಬರೂ ಧಾರವಾಡದವರು. ಮುತ್ತಜ್ಜಂದಿರ ಕಾಲದಲ್ಲಿ ಕ್ರೈಸ್ತರಾದ ಮನೆತನಗಳು. ಬೆಲ್‌ರೋಸ್‌ನ ಆ ಬೀದಿಯಲ್ಲಿ ಮೂವತ್ತು ವರ್ಷದಿಂದ ಎರಡು ಮನೆಗಳೂ ಎದುರುಬದುರು. ಸುಗುಣಾ ಆಸ್ಪತ್ರೆಯಲ್ಲಿ ನರ್ಸ್, ಕೃಪಾಕರರು ರೈಲ್ವೆ ಯಾರ್ಡಿನಲ್ಲಿ ಮೆಕ್ಯಾನಿಕ್. ಜೋಳದ ಹಿಟ್ಟು ಎಲ್ಲಿ ತಾಜಾ ಬಂದಿದೆ ಎಂಬುದನ್ನು ಹೇಳಿಕೊಳ್ಳುವಷ್ಟು, ಒಬ್ಬರ ಮನೆಯ ಬಾಣಂತಿಗೆ ಇನ್ನೊಬ್ಬರು ಅಂಟಿನುಂಡೆ ಕಟ್ಟುವಷ್ಟು ಬಳಕೆ. ದೇವರ ಮಾತು ಮಾತ್ರ ಎರಡೂ ಕಡೆಯವರು ಎತ್ತುತ್ತಿರಲಿಲ್ಲ. ಮೂವತ್ತು ವರ್ಷದ ನೆರೆಹೊರೆ ಹಾಗೆ ಕೆಡದೆ ಉಳಿದಿತ್ತು.

ನಿವೃತ್ತರಾದ ಮೇಲೆ, ಎರಡು ವರ್ಷದ ಹಿಂದೆ, ಆ ದಂಪತಿ ತಮ್ಮ ಚರ್ಚಿನಿಂದ ಮಿಶನರಿ ಸೇವೆಗೆಂದು ಹದಿನೆಂಟು ತಿಂಗಳು ಕೆರಿಬಿಯನ್ನಿನ ಟ್ರಿನಿಡಾಡ್ ದ್ವೀಪಕ್ಕೆ ಹೊರಟರು. ಅರವತ್ತೆಂಟರ ಸುಗುಣಾ, ಎಪ್ಪತ್ತರ ಕೃಪಾಕರ, ನಾಲ್ಕು ಸೂಟ್‌ಕೇಸು. ಹೊರಡುವ ದಿನ ಸುಗುಣಾ ಮನೆಯ ಕೀಲಿಯನ್ನು ವೀರಬಸಮ್ಮನವರ ಕೈಗಿಟ್ಟಳು.

"ಗಿಡಕ್ಕ ನೀರು ಹಾಕ್ರಿ ವೀರಕ್ಕ. ಟಪಾಲು ಒಳಗ ಇಡ್ರಿ."

"ನಿಮಗ್ಯಾಕ ಬೇಕಿತ್ತು ಈ ವಯಸ್ಸಿನಾಗ? ಅಲ್ಲಿ ಸೊಳ್ಳಿ ಕಡಸಗೋಳ್ಳಿಕ್ಕೆ."

"ಕಡಸಗೋತೇವಿ ಬಿಡ್ರಿ. ಇಲ್ಲಿ ಸೊಳ್ಳಿ ನಮ್ಮ ಗುರುತು ಹಿಡಿದು ಬಿಟ್ಟಾವು," ಎಂದು ಸುಗುಣಾ ನಕ್ಕಿದ್ದಳು.

ಅಲ್ಲಿಂದ ಪ್ರತಿ ಭಾನುವಾರ ಒಂದು ಈಮೇಲ್ ಬರುತ್ತಿತ್ತು, ಬಂಧುಗಳಿಗೂ ಚರ್ಚಿನವರಿಗೂ ಈ ಎದುರು ಮನೆಯವರಿಗೂ ಒಂದೇ. ತಿಪ್ಪಣ್ಣನವರು ಐಪ್ಯಾಡಿನಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಹಾರ್ಡ್‌ವೇರ್ ಅಂಗಡಿಯೊಂದರ ಮೇಲೆ ಎರಡು ಕೋಣೆಯ ಬಿಡಾರ. ನೀರು ವಾರಕ್ಕೆರಡು ಸಲ. ಪಕ್ಕದ ಮನೆಯ ಹುಂಜಕ್ಕೆ ಹೊತ್ತುಗೊತ್ತು ಗೊತ್ತಿಲ್ಲ. ಸುಗುಣಾ ಮುದುಕಿಯರ ರಕ್ತದೊತ್ತಡ ನೋಡುತ್ತಾಳೆ, ಓದು ಬಾರದವರಿಗೆ ಅಕ್ಷರ ಹೇಳುತ್ತಾಳೆ. ಪ್ರವಾಹ ಬಂದು ಹೋದಾಗ ಕೃಪಾಕರರು ಮೀನುಗಾರರೊಂದಿಗೆ ಮನೆಮನೆಯ ಮಾಡು ಹತ್ತಿ ತಾಡಪತ್ರಿ ಕಟ್ಟುತ್ತಾರೆ. ಕೆಸುವಿನ ಸೊಪ್ಪು ಧಾರಾಳ. ಸೇವೆಯ ನಿಯಮವೆಂದರೆ ದಂಪತಿ ಯಾವಾಗಲೂ ಜೊತೆಯಲ್ಲೇ ಇರಬೇಕು, ಎಲ್ಲಿಗೂ ಒಬ್ಬರೇ ಹೋಗಬಾರದು. "ನಲವತ್ತು ವರ್ಷ ಇವರದು ರಾತ್ರಿಪಾಳಿ, ನನ್ನದು ಹಗಲುಪಾಳಿ," ಎಂದು ಸುಗುಣಾ ಬರೆದಿದ್ದಳು. "ಈಗ ದಿನವಿಡೀ ಒಬ್ಬರ ಮುಖ ಒಬ್ಬರು ನೋಡಬೇಕು. ಮೊದಲ ತಿಂಗಳು ಜಗಳವಾಡಿದ್ದೇ ನಮ್ಮ ಸೇವೆ." ಆ ನಡುವೆ ಮಗನಿಗೆ ಹೆಣ್ಣು ಮಗು ಹುಟ್ಟಿತು. ಅವಧಿ ಮುಗಿಯದೆ ಬರುವಂತಿರಲಿಲ್ಲ. ಮೊಮ್ಮಗಳನ್ನು ಫೋನಿನಲ್ಲೇ ನೋಡಿದರು.

ವೀರಬಸಮ್ಮನವರು ಕಾಳು ಆರಿಸುತ್ತ ಇದನ್ನೆಲ್ಲ ಕೇಳುತ್ತಿದ್ದರು. ಸುಗುಣಾಳ ಮೇಲೆ ಅವರಿಗೆ ಪ್ರೀತಿಯೇ ಇತ್ತು. ಒಂದು ಭಾನುವಾರ ಮಾತ್ರ ತಿಪ್ಪಣ್ಣನವರು ಮನೆಯಲ್ಲಿರಲಿಲ್ಲ. ವೀರಬಸಮ್ಮನವರು ತಾವೇ ಐಪ್ಯಾಡ್ ತೆರೆದು ಓದಿದರು. ರಾಮಧಾರಿ ಎಂಬ ಒಬ್ಬ ಅಜ್ಜನ ಸಂಗತಿ. ಅವನ ಮುತ್ತಜ್ಜ ಭಾರತದಿಂದ ಹಡಗಿನಲ್ಲಿ ಕಬ್ಬಿನ ಕೆಲಸಕ್ಕೆ ಹೋದವನು. ಅಜ್ಜನಿಗೆ ಎಪ್ಪತ್ತನಾಲ್ಕು. "ಈ ವಾರ ಅವರು ದೀಕ್ಷಾಸ್ನಾನಕ್ಕೆಂದು ಸಮುದ್ರಕ್ಕೆ ಇಳಿದರು. ಇಳಿಯುವ ಮೊದಲು ಕೊರಳಿನ ತುಳಸಿಮಣಿಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು."

ಅಲ್ಲಿಗೆ ವೀರಬಸಮ್ಮನವರು ಐಪ್ಯಾಡ್ ಮುಚ್ಚಿದರು. ಇನ್ನೂ ಎರಡು ಪುಟವಿತ್ತು. ಓದಲಿಲ್ಲ. ಮುಂದಿನ ಭಾನುವಾರದಿಂದ ಗಂಡ ಓದುವ ಹೊತ್ತಿಗೆ ಅವರಿಗೆ ಹಿತ್ತಲಿನಲ್ಲಿ ಕೆಲಸವಿರುತ್ತಿತ್ತು.

ಆ ವಾರ ಗಿಡಕ್ಕೆ ನೀರು ಹಾಕಲು ಹೋದಾಗ ಸುಗುಣಾಳ ಹೊಲಿಗೆ ಮೇಜಿನ ಮೇಲಿನ ಬೆಳ್ಳಿಯ ಡಬ್ಬಿಯನ್ನು ಮತ್ತೆ ನೋಡಿದರು. ಹೊಸದೇನಲ್ಲ, ವರ್ಷಗಳಿಂದ ನೋಡಿದ್ದೇ. ಹಳೆಯ ಕಾಲದ ಕರಡಿಗೆ ಅದು, ಒಳಗೆ ಸೂಜಿ. ಹಿಂದೊಮ್ಮೆ ಸುಗುಣಾಳೇ ಹೇಳಿದ್ದಳು: ಮುತ್ತಜ್ಜನದಂತೆ, ಅವನು ಮಿಶನ್ನಿಗೆ ಸೇರಿದ ಮೇಲೆ ಅಜ್ಜಿ ಸೂಜಿ ಹಾಕಿಡಲು ಇಟ್ಟುಕೊಂಡಳಂತೆ. "ಒಳಗಿದ್ದದ್ದು ಎಲ್ಲಿ ಹೋತು?" ಎಂದು ವೀರಬಸಮ್ಮನವರು ಕೇಳಿದ್ದರು. "ಯಾರಿಗೆ ಗೊತ್ತು ವೀರಕ್ಕ. ಆಗಿನ ಮಿಶನ್ನಿನ ಅಯ್ಯನವರ ಕೈಗೆ ಕೊಟ್ಟಿರಬೇಕು." ಆಗ ಅದು ಬರೀ ಹಳೆಯ ಕಥೆಯಾಗಿತ್ತು. ಈಗ ತುಳಸಿಮಣಿಯ ಪಕ್ಕದಲ್ಲಿಟ್ಟು ನೋಡಿದರೆ ಬೇರೆಯಾಗಿ ಕಾಣಿಸಿತು.

ಗಂಟು ಕಂಡ ಆ ಶುಕ್ರವಾರ ಮಧ್ಯಾಹ್ನ ವೀರಬಸಮ್ಮನವರು ಕೊತ್ತಂಬರಿ ಕೇಳುವ ನೆವದಲ್ಲಿ ಎದುರು ಮನೆಯ ಹಿತ್ತಲಿಗೆ ಹೋದರು. ಸುಗುಣಾ ಬಟ್ಟೆ ಒಣಹಾಕುತ್ತಿದ್ದಳು.

"ಬರ್ರಿ ವೀರಕ್ಕ. ಛಾ ಆತೇನು?"

"ಆತು. ನಿನ್ನಿ ಭಾಳ ಅಡ್ಡಾಡಿಸಿರಿ ಅನಸ್ತೈತಿ ನಮ್ಮವರನ್ನ. ಬಂದವರು ಹಂಗ ಮಲಗಿಬಿಟ್ರು."

ಸುಗುಣಾ ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡಳು. ಕ್ಲಿಪ್ಪು ಕಚ್ಚಿಕೊಂಡವರು ಮಾತನಾಡಬೇಕಿಲ್ಲ. ಕೈ ಮಾತ್ರ ಒಂದು ದುಪ್ಪಟಿಯನ್ನು ಬೇಕಾದದ್ದಕ್ಕಿಂತ ಹೆಚ್ಚು ಸಲ ಜಾಡಿಸಿತು.

"ಪಾರ್ಕಿನ್ಯಾಗ ಏನೇನು ನೋಡಿದ್ರಿ?"

"ಏನೈತಿ ವೀರಕ್ಕ, ಗಿಡ, ಬಾತುಕೋಳಿ."

"ಬಾತುಕೋಳಿ ನೋಡಲಿಕ್ಕೆ ಅಂಗಿ ಇಸ್ತ್ರಿ ಮಾಡಿಕೊಂಡು ಹೋಗತಾರ ಅವರು."

ಸುಗುಣಾ ನಕ್ಕಳು, ಆದರೆ ಕಣ್ಣು ಬಟ್ಟೆಯ ಮೇಲೆಯೇ ಇತ್ತು. ವೀರಬಸಮ್ಮನವರ ಕಣ್ಣು ಹಗ್ಗದ ಗುಂಟ ಸಾಗಿ ಕಂಬದ ಬಳಿ ಹೋಯಿತು. ಅಲ್ಲಿ ಹಗ್ಗ ಕಂಬಕ್ಕೆ ಬಿಗಿದಿತ್ತು. ಚಪ್ಪಟೆಯ ಗಂಟು, ಎರಡೂ ತುದಿ ಸಮ.

"ಹಗ್ಗ ಯಾರು ಕಟ್ಟಿದ್ರು?"

"ಇನ್ಯಾರು, ಇವರೇ. ಅಲ್ಲೆ ಮೀನುಗಾರರ ಕಡಿಂದ ಕಲ್ತು ಬಂದಾರ. ಮನ್ಯಾಗ ಈಗ ಬಿಚ್ಚಾಕ ಬರೂವಂಥಾ ಗಂಟ ಒಂದೂ ಇಲ್ಲ."

ವೀರಬಸಮ್ಮನವರು ಕೊತ್ತಂಬರಿ ಮರೆತು ಮನೆಗೆ ಬಂದರು.

ಸಂಜೆ ಮಗಳಿಗೆ ಫೋನು ಮಾಡಿದರು. ನಂದಾ ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್‌ನಲ್ಲಿ ಔಷಧ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಳು. ಗಂಟಿನ ಮಾತನ್ನು ವೀರಬಸಮ್ಮನವರು ಆಡಲಿಲ್ಲ. ಗುರುವಾರದ್ದನ್ನು, ಮುಚ್ಚಿದ ಬಾಗಿಲಿನದನ್ನು ಹೇಳಿದರು.

"ಅವ್ವಾ, ಅಪ್ಪಾಗ ಯಾರರೆ ಜೊತಿ ಇದ್ರ ಒಳ್ಳೇದಲ್ಲೇನು? ಯು ಆರ್ ಓವರ್‌ಥಿಂಕಿಂಗ್. ಇಬ್ಬರೂ ಇಲ್ಲೆ ಬಂದುಬಿಡ್ರಿ ಅಂತ ಎಷ್ಟು ಸಲ ಹೇಳೇನಿ. ಬೇಸ್‌ಮೆಂಟ್ ಫಿನಿಶ್ ಮಾಡಿಸೇವಿ, ಬಾತ್‌ರೂಮ್ ಸಹಿತ."

"ನೆಲದ ಕೆಳಗ ಇರಲಿಕ್ಕೆ ನಾವೇನು ಆಲೂಗಡ್ಡಿ ಏನು?"

ಮೊಮ್ಮಗಳು ಕಿಯಾರಾ ಫೋನು ಕಸಿದುಕೊಂಡಳು. "ಅಜ್ಜಿ, ಈಸ್ ಅಜ್ಜ ಕೀಪಿಂಗ್ ಎ ಸೀಕ್ರೆಟ್? ದಟ್ಸ್ ಸೋ ಕ್ಯೂಟ್."

ವೀರಬಸಮ್ಮನವರಿಗೆ ಅದರಲ್ಲಿ ಚೆಂದವೇನೂ ಕಾಣಲಿಲ್ಲ. ರಾತ್ರಿ ಊಟ ಬಡಿಸುವಾಗ ಗಂಡನ ಅಂಗಿಯ ಎದೆಯ ಮೇಲೆ ಕರಡಿಗೆಯ ಉಬ್ಬು ಕಾಣುತ್ತಿತ್ತು. ಉಬ್ಬು ಕಂಡರೆ ಆಯಿತೇ? ಎದುರು ಮನೆಯಲ್ಲಿಯೂ ಒಂದು ಕರಡಿಗೆಯಿದೆ. ಒಳಗೆ ಏನಿದೆ ಎಂಬುದನ್ನು ಮುಚ್ಚಳ ಹೇಳುವುದಿಲ್ಲ. ಇವರು ಅದನ್ನು ತೆಗೆದುಕೊಟ್ಟು ಬಂದಿದ್ದರೆ ನಾಳೆ ಮಣ್ಣು ಮಾಡುವ ದಿನ ಇವರ ಅಂಗೈಯಲ್ಲಿ ಏನಿಡುವುದು? ಮುಂದೆ ಎಲ್ಲಿಯೋ ಒಟ್ಟಿಗೆ ಸೇರುತ್ತೇವೆಂದು ಐವತ್ತೊಂದು ವರ್ಷ ಪಕ್ಕದ ಮಣೆಯಲ್ಲಿ ಕುಳಿತವಳು ತಾನು; ಅಲ್ಲಿಗೆ ಹೋದಾಗ ಪಕ್ಕದ ಮಣೆ ಖಾಲಿಯಿದ್ದರೆ? ಈ ಯೋಚನೆ ಬಂದ ಮೇಲೆ ಅವರು ತಮಗೆ ಬಡಿಸಿಕೊಳ್ಳಲಿಲ್ಲ.

ಮುಂದಿನ ಗುರುವಾರ ಕಾರು ಮೂಲೆ ತಿರುಗುವುದನ್ನು ಕಿಟಕಿಯಿಂದ ನೋಡಿ, ವೀರಬಸಮ್ಮನವರು ಮಸಾಲೆ ಡಬ್ಬಿಗಳ ಹಿಂದಿನಿಂದ ಎದುರು ಮನೆಯ ಕೀಲಿ ತೆಗೆದರು. ಸುಗುಣಾ ಟ್ರಿನಿಡಾಡಿನಿಂದ ಬಂದು ಏಳು ತಿಂಗಳಾದರೂ ಅವಳು ಅದನ್ನು ಕೇಳಿರಲಿಲ್ಲ, ಇವರು ಕೊಟ್ಟಿರಲಿಲ್ಲ.

ಜನ್ಮದಲ್ಲಿ ಇನ್ನೊಬ್ಬರ ಪೆಟ್ಟಿಗೆಗೆ ಕೈ ಹಾಕಿದವರಲ್ಲ ಅವರು. ಗಿರಾಕಿಗಳ ಕೋಟಿನ ಜೇಬಿನಲ್ಲಿ ಸಿಕ್ಕ ಚೀಟಿಯನ್ನೂ ಮಡಿಕೆ ಬಿಚ್ಚದೆ ಹಿಂದಿರುಗಿಸಿದವರು. ಆ ದಿನ ಸುಗುಣಾಳ ಮನೆಯಲ್ಲಿ ಒಂದೊಂದೇ ಡ್ರಾಯರ್ ಎಳೆದು ನೋಡಿದರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಗುರುವಾರದ ಚೌಕದಲ್ಲಿ "ತಿಪ್ಪಣ್ಣ" ಎಂದು ಬರೆದಿತ್ತು. ಹಿಂದಿನ ಗುರುವಾರದ ಸುತ್ತ ಕೆಂಪು ಗೆರೆ. ಕಪಾಟಿನಲ್ಲಿ ಟ್ರಿನಿಡಾಡಿನ ಫೋಟೊಗಳು: ಮಾಡಿನ ಮೇಲೆ ಕೃಪಾಕರರು, ಸೊಂಟಕ್ಕೆ ಹಗ್ಗ; ಬೆಂಚಿನ ಮೇಲೆ ಸ್ಲೇಟು ಹಿಡಿದ ಮುದುಕಿಯರು; ಸಮುದ್ರದ ದಂಡೆಯಲ್ಲಿ ಬಿಳಿಯ ಅಂಗಿ ತೊಟ್ಟ ಬಡಕಲು ಅಜ್ಜ. ಅವನ ಕೊರಳು ಖಾಲಿಯಿತ್ತು. ವೀರಬಸಮ್ಮನವರು ಆ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಕೊನೆಗೆ ಹೊಲಿಗೆ ಮೇಜು. ಕರಡಿಗೆಯನ್ನು ಎತ್ತಿಕೊಂಡು ಮುಚ್ಚಳ ತೆಗೆದರು. ಸೂಜಿ. ಅಂಗೈಗೆ ಸುರಿದುಕೊಂಡರು. ಸೂಜಿಗಳ ಕೆಳಗೆ ಏನೂ ಇರಲಿಲ್ಲ.

ಅಷ್ಟರಲ್ಲಿ ಮುಂಬಾಗಿಲು ತೆರೆದ ಸಪ್ಪಳವಾಯಿತು.

ಮೊದಲು ಕೃಪಾಕರರು ಬಂದರು. ಅವರ ಹೆಗಲಿಗೆ ಒರಗಿಕೊಂಡು ತಿಪ್ಪಣ್ಣನವರು. ಹಿಂದೆ ಸುಗುಣಾ, ಕೈಯಲ್ಲಿ ದೊಡ್ಡದೊಂದು ಲಕೋಟೆ. ಮೂವರೂ ನಿಂತುಬಿಟ್ಟರು. ಹೊಲಿಗೆ ಮೇಜಿನ ಮುಂದೆ ವೀರಬಸಮ್ಮನವರು, ಒಂದು ಕೈಯಲ್ಲಿ ಕರಡಿಗೆ, ಇನ್ನೊಂದರಲ್ಲಿ ಹಿಡಿ ಸೂಜಿ.

"ವೈನಿ," ಎಂದರು ಕೃಪಾಕರರು, "ಗುಂಡಿ ಏನರೆ ಹರಿದಿತ್ತೇನ್ರಿ?"

"ಗುಂಡಿ ಅಲ್ಲ." ವೀರಬಸಮ್ಮನವರ ದನಿ ಸಣ್ಣದಾಗಿತ್ತು. "ಇವರ ಕೊಳ್ಳಾಗಿನ ದಾರ ಬಿಚ್ಚಿದವರು ಯಾರು, ಕಟ್ಟಿದವರು ಯಾರು, ಅದನ್ನ ಹೇಳ್ರಿ. ಕಟ್ಟಿದವರು ನೀವು. ಕಂಬಕ್ಕ ಕಟ್ಟಿದ ಗಂಟೇ ನನ್ನ ಗಂಡನ ಕೊಳ್ಳಾಗೂ ಐತಿ. ಬಿಚ್ಚಿ ಏನು ತಕ್ಕೊಂಡ್ರಿ? ಎಲ್ಲಿಟ್ಟೀರಿ?"

ತಿಪ್ಪಣ್ಣನವರು ಕುರ್ಚಿಗೆ ಇಳಿದರು, ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಸಾಮಾನು ಎತ್ತಿಡುವ ಹಾಗೆ ಇಟ್ಟುಕೊಂಡರು. ವೀರಬಸಮ್ಮನವರು ಅದನ್ನು ಮೊದಲ ಸಲ ನೋಡಿದರು.

"ಕುಂದರು," ಎಂದರು ತಿಪ್ಪಣ್ಣನವರು. "ಸೂಜಿ ಮೊದಲು ಕೆಳಗ ಇಡು."

ಆಮೇಲೆ ಅವರೇ ಹೇಳಿದರು. ಚಳಿಗಾಲದಿಂದ ಎಡಗೈಯಲ್ಲಿ ಬಲವಿಲ್ಲ. ಕತ್ತಿನ ಎಲುಬು ಒಳಗಿನ ನರದ ಹುರಿಯನ್ನು ಒತ್ತುತ್ತಿದೆ. ಒಂದು ಗುರುವಾರ ಒಬ್ಬ ಡಾಕ್ಟರು, ಇನ್ನೊಂದು ಗುರುವಾರ ಇನ್ನೊಬ್ಬರು, ನಡುವೆ ಕೈಗೆ ವ್ಯಾಯಾಮ. ಹೋದ ವಾರ ಸ್ಕ್ಯಾನ್. ಆ ಯಂತ್ರದೊಳಗೆ ಬೆಳ್ಳಿ ಒಯ್ಯುವಂತಿಲ್ಲ, ದಾರ ತಲೆಯಿಂದ ಹಾಯುವುದಿಲ್ಲ, ಅದಕ್ಕೆ ಬಿಚ್ಚಿದ್ದು. ಈ ದಿನ ಸರ್ಜನ್ ನೋಡಿದರು. ಆಪರೇಶನ್ ಆಗಬೇಕು.

"ಇಷ್ಟೇ ಏನು?" ಎಂದರು ವೀರಬಸಮ್ಮನವರು.

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಅವರ ಕಿವಿಗೆ ಬಿತ್ತು. ಗಂಡನ ಕತ್ತು ಕೊಯ್ಯುತ್ತಾರೆಂಬ ಸುದ್ದಿ ಕೇಳಿ ತನ್ನ ಎದೆ ಹಗುರವಾಯಿತಲ್ಲ ಎಂದು ತಿಳಿದು, ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಹೇಳಬಾರದೇನ್ರಿ ನನಗ," ಎಂದರು.

"ನಿನಗ ಹೇಳಿದ್ರ ನಂದಾಗ ಗೊತ್ತಾಗತೈತಿ. ನಂದಾಗ ಗೊತ್ತಾದ್ರ ಬೇಸ್‌ಮೆಂಟು." ತಿಪ್ಪಣ್ಣನವರು ನಗಲು ನೋಡಿದರು, ಆಗಲಿಲ್ಲ. "ಅದಷ್ಟೇ ಅಲ್ಲ. ಫೆಬ್ರವರಿಯೊಳಗ ಒಂದಿನ ಪೂಜಿಗೆ ಕುಂತಾಗ ಅಂಗೈ ನಡುಗಿ ಲಿಂಗ ಜಾರಿತು. ತೊಡಿ ಮ್ಯಾಲೆ ಬಿತ್ತು, ನೆಲಕ್ಕ ಬೀಳಲಿಲ್ಲ. ನೀ ಬಾಜೂಕೇ ಕಣ್ಣು ಮುಚ್ಚಿಕೊಂಡು ಕುಂತಿದ್ದಿ. ಹೆಂಗ ಹೇಳಲಿ?"

ಮುಚ್ಚಿದ ಬಾಗಿಲು ವೀರಬಸಮ್ಮನವರಿಗೆ ಆಗ ಅರ್ಥವಾಯಿತು. ಆದರೂ ಒಂದು ಎಳೆ ಉಳಿದಿತ್ತು. ಎಳೆ ಉಳಿದಿರುವಾಗ ಬಟ್ಟೆಯನ್ನು ಗಿರಾಕಿಯ ಕೈಗೆ ಕೊಟ್ಟವರಲ್ಲ ಅವರು.

"ಸ್ಕ್ಯಾನ್ ಆಗೂತನಕ ಅದು ಎಲ್ಲಿತ್ತು?"

"ಅಲ್ಲೆ ಒಂದು ಲಾಕರ್ ಕೊಟ್ರು," ಎಂದಳು ಸುಗುಣಾ. "ಅಣ್ಣಾವ್ರು ಒಪ್ಪಲಿಲ್ಲ. ಚಪ್ಪಲಿ ಇಡೂ ಜಾಗದಾಗ ಇಡೂದಿಲ್ಲ ಅಂದ್ರು. ಇವರು ಕಾರ್ ಪಾರ್ಕ್ ಮಾಡಲಿಕ್ಕೆ ಹೋಗಿದ್ರು. ಅಣ್ಣಾವ್ರು ಕರಡಿಗಿ ನನ್ನ ಎಡಗೈಯಾಗ ಕೊಟ್ಟು, ಕೆಳಗ ಇಡಬ್ಯಾಡ, ಕುರ್ಚಿಗೆ ತಾಕಿಸಬ್ಯಾಡ ಅಂದ್ರು. ಒಂದೂಮುಕ್ಕಾಲು ತಾಸು, ವೀರಕ್ಕ. ಕೈ ಜೋಮು ಹಿಡೀತು. ಇವರು ಬಂದು ನೀರು ಕುಡಿಸಿದ್ರು. ಅಣ್ಣಾವ್ರು ಹೊರಗ ಬಂದ ಮ್ಯಾಲೆ ಇವರೇ ಕಟ್ಟಿದ್ರು. ಇವರಿಗೆ ಬರೂದು ಅದೊಂದೇ ಗಂಟು."

"ಹಿಡಕೊಂಡು ಏನು ಮಾಡಿದಿ?"

"ಏನು ಮಾಡಲಿ. ಪ್ರಾರ್ಥನಾ ಮಾಡಿದೆ."

"ಯಾರಿಗೆ?"

ಸುಗುಣಾ ಒಂದು ಕ್ಷಣ ವೀರಬಸಮ್ಮನವರ ಮುಖವನ್ನೇ ನೋಡಿದಳು. "ನನಗ ಬರೂದು ನನ್ನದೇ ವೀರಕ್ಕ. ನಿಮ್ಮದು ಬರತಿದ್ರ ಅದನ್ನೂ ಮಾಡತಿದ್ದೆ. ಸುಳ್ಳು ಯಾಕ ಹೇಳಲಿ." ಮೇಜಿನ ಮೇಲೆ ಚದುರಿದ ಸೂಜಿಗಳನ್ನು ಒಂದೊಂದಾಗಿ ಕರಡಿಗೆಗೆ ಹಾಕತೊಡಗಿದಳು. "ಇದು ನಾ ಹುಟ್ಟಿದಾಗಿಂದ ಖಾಲಿ. ತುಂಬಿದ್ದನ್ನ ನಾ ಹಿಡಿದದ್ದು ಅದೇ ಮೊದಲು. ಇಷ್ಟು ಹಗುರ ಇರತೈತಿ ಅಂತ ಗೊತ್ತಿರಲಿಲ್ಲ."

ವೀರಬಸಮ್ಮನವರ ದೃಷ್ಟಿ ಫೋಟೊದ ಮೇಲಿತ್ತು. "ಈ ಅಜ್ಜನ ತುಳಸಿಮಣಿ? ಅದನ್ನೂ ಹಿಡಕೊಂಡಿ ಅಂತ ಬರದಿದ್ದೆಲ್ಲ."

"ಪೂರ್ತಿ ಓದಲಿಲ್ಲೇನು ನೀವು? ನೀರಿಂದ ಎದ್ದು ಬಂದವರೇ ಕೈ ಚಾಚಿದ್ರು. ನಮ್ಮ ಅಜ್ಜೀದು, ಕೊಡವ್ವ ಅಂದ್ರು. ಪಾಸ್ಟರ್ ಮುಖ ಸಣ್ಣದು ಮಾಡಿಕೊಂಡ್ರು. ನಾ ಕೊಟ್ಟೆ. ಅದನ್ನೇ ಎರಡು ಪುಟ ಬರದಿದ್ದೆ."

ಕೃಪಾಕರರು ಒಳಗೆ ಹೋಗಿ ಚಹಾಕ್ಕೆ ಇಟ್ಟರು. ಹೊರಡುವಾಗ ವೀರಬಸಮ್ಮನವರು ಕೀಲಿಯನ್ನು ಮೇಜಿನ ಮೇಲಿಟ್ಟರು. ಸುಗುಣಾ ಅದನ್ನು ಎತ್ತಿ ಮತ್ತೆ ಅವರ ಕೈಗೇ ಕೊಟ್ಟಳು. "ಇರಲಿ ಬಿಡ್ರಿ. ಡ್ರಾಯರ್ ಎಲ್ಲಾ ಹೆಂಗೂ ನೋಡೀರಿ. ಇನ್ನ ಹೊಸಾದು ಏನೂ ಇಲ್ಲ."

ಮರುದಿನ ಬೆಳಿಗ್ಗೆ ಐದಕ್ಕೆ ತಿಪ್ಪಣ್ಣನವರು ಕೋಣೆಗೆ ಹೋದಾಗ ಎರಡು ಮಣೆ ಹಾಕಿದ್ದವು. ವೀರಬಸಮ್ಮನವರು ಮಿಂದು ಕುಳಿತಿದ್ದರು. ಗಂಡನ ಅಂಗೈ ನಡುಗತೊಡಗಿದಾಗ ತಮ್ಮ ಎಡಗೈಯನ್ನು ಅದರ ಅಡಿಗೆ ಒಯ್ದರು. ಕಣ್ಣು ಮುಚ್ಚಲಿಲ್ಲ. ಲಿಂಗವನ್ನು ದಿಟ್ಟಿಸಿ ನೋಡಿದರು. ಅದೇ ಹೊಳಪು, ಅಂಚಿನಲ್ಲಿ ಅದೇ ಸಣ್ಣ ಕಲೆ. ಸಂಶಯ ಪೂರ್ತಿ ಹೋಗಿತ್ತೆಂದು ಹೇಳಿದರೆ ಸುಳ್ಳಾದೀತು. ನೋಡಿದ ಮೇಲೆ ಹೋಯಿತು.

ಆಪರೇಶನ್ ಜೂನ್ ಹದಿನೇಳಕ್ಕೆ ಗೊತ್ತಾಯಿತು. ನಂದಾ ಹಿಂದಿನ ಸಂಜೆಯೇ ಬಾಸ್ಕಿಂಗ್ ರಿಡ್ಜ್‌ನಿಂದ ಡ್ರೈವ್ ಮಾಡಿಕೊಂಡು ಬಂದಳು, ಅಳುತ್ತಲೂ ಬೈಯುತ್ತಲೂ ಬಂದಳು. ಆಸ್ಪತ್ರೆಗೆ ಬೆಳಿಗ್ಗೆ ಎರಡು ಕಾರು ಹೋದವು. ಈ ಸಲ ದಾರ ಬಿಚ್ಚಿದವರು ವೀರಬಸಮ್ಮನವರು. ಕೃಪಾಕರರ ಗಂಟಿಗೆ ಐದು ನಿಮಿಷ ಹಿಡಿಯಿತು. ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಾಯುವ ಕೋಣೆಯಲ್ಲಿ ಕುಳಿತರು. ಒಂದು ಪಕ್ಕ ನಂದಾ, ಇನ್ನೊಂದು ಪಕ್ಕ ಸುಗುಣಾ.

"ನೀ ಹೋಗು, ಊಟಾ ಮಾಡು," ಎಂದರು ಸುಗುಣಾಳಿಗೆ.

"ಒಬ್ಬರನ್ನೇ ಬಿಟ್ಟು ಹೋಗೂ ರೂಢಿ ಇಲ್ಲ ನಮಗ. ಹದಿನೆಂಟು ತಿಂಗಳು ಅದನ್ನೇ ಕಲಿಸ್ಯಾರ."

ಮೂರು ತಾಸಾಯಿತು. ವೀರಬಸಮ್ಮನವರು ಬೆಳಿಗ್ಗೆಯಿಂದ ಎದ್ದಿರಲಿಲ್ಲ. ಎಪ್ಪತ್ತರ ದೇಹ, ಬಚ್ಚಲಿಗೆ ಹೋಗಲೇಬೇಕಾಯಿತು. ಅಲ್ಲಿಗೆ ಲಿಂಗವನ್ನು ಒಯ್ಯುವಂತಿಲ್ಲ. ನಂದಾ ಕೈ ಚಾಚಿದಳು. ಅವಳ ಕೈಯಲ್ಲಿ ಫೋನು, ಕಾಫಿಯ ಕಪ್ಪು, ಆಸ್ಪತ್ರೆಯ ಕಾಗದ. ವೀರಬಸಮ್ಮನವರು ಇನ್ನೊಂದು ಕಡೆ ತಿರುಗಿದರು. ಸುಗುಣಾಳ ಎಡಗೈ ಆಗಲೇ ಅಂಗೈ ಮೇಲಾಗಿ ತೊಡೆಯ ಮೇಲೆ ತೆರೆದಿತ್ತು.

"ಅವ್ವಾ," ಎಂದಳು ನಂದಾ ಮೆಲ್ಲಗೆ, "ಆಂಟಿ ಕೈಯಾಗ?"

"ಅಕಿಗೆ ರೂಢಿ ಆಗೇದ," ಎಂದು ವೀರಬಸಮ್ಮನವರು ಲಿಂಗವನ್ನು ಆ ಅಂಗೈಯಲ್ಲಿಟ್ಟು ಎದ್ದರು.

ಹಿಂತಿರುಗಿ ಬಂದಾಗ ಸರ್ಜನ್ ನಂದಾಳೊಡನೆ ಮಾತನಾಡುತ್ತ ನಿಂತಿದ್ದರು. ಎಲ್ಲ ಸರಿಹೋಯಿತು, ಕೈಗೆ ಬಲ ನಿಧಾನವಾಗಿ ಬರುತ್ತದೆ ಎನ್ನುತ್ತಿದ್ದರು. ವೀರಬಸಮ್ಮನವರು ಅದನ್ನು ಕೇಳಿಸಿಕೊಂಡರು. ಆದರೆ ಅವರ ಕಣ್ಣು ಮೊದಲು ಹೋದದ್ದು ಸುಗುಣಾಳ ಅಂಗೈಗೆ. ಲಿಂಗ ಇಟ್ಟಲ್ಲೇ ಇತ್ತು. ಸುಗುಣಾ ಕಣ್ಣು ಮುಚ್ಚಿದ್ದಳು, ತುಟಿ ಅಲುಗುತ್ತಿತ್ತು. ಯಾರಿಗೆ ಎಂದು ವೀರಬಸಮ್ಮನವರು ಈ ಸಲ ಕೇಳಲಿಲ್ಲ. ಪಕ್ಕದಲ್ಲಿ ಕುಳಿತು, ಅವಳು ಮುಗಿಸುವ ತನಕ ಕಾದರು.